ಅಕ್ಕನ ಖಾನಾವಳಿ

ನಮ್ಮ ಓಣಿಯಲ್ಲಿ ಅಕ್ಕ ಹೊಸ ಖಾನಾವಳಿ ತೆರೆದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ. ರುಚಿಗೆ ಕೊರತೆ ಇಲ್ಲ. ಆದರೆ ಉಣ್ಣುವವರೇ ಕಡಿಮೆ.

"ಮುಚ್ಚಿಬಿಡ್ತೀನ್ರೀ ಮಾಸ್ತರ" ಎಂದು ಒಂದು ದಿನ ಅಕ್ಕ ಕಣ್ಣೀರು ಹಾಕಿದರು.

"ತಡೀರಿ ಅಕ್ಕಾ, ಮೊದಲು ಲೆಕ್ಕ ಬರಿಯೂಣು" ಎಂದೆ.

ಇಬ್ಬರೂ ಕುಳಿತು ಬರೆದೆವು.

ಒಂದು ಊಟದ ಬೆಲೆ 70 ರೂಪಾಯಿ.
ಹಿಟ್ಟು, ಕಾಯಿಪಲ್ಲೆ, ಎಣ್ಣೆ, ಗ್ಯಾಸಿಗೆ 40 ರೂಪಾಯಿ.
ಉಳಿಯುವುದು 30 ರೂಪಾಯಿ.
ದಿನದ ಬಾಡಿಗೆ 200, ಆಳಿನ ಕೂಲಿ 400. ಒಟ್ಟು 600 ರೂಪಾಯಿ.

ಅಂದರೆ ದಿನಕ್ಕೆ 20 ಊಟ ಹೋಗಲೇಬೇಕು. ಬರುತ್ತಿದ್ದವರು 12 ಜನ. ದಿನಕ್ಕೆ 240 ರೂಪಾಯಿ ನಷ್ಟ!

ಖಾನಾವಳಿ ಓಣಿಯ ಒಳಗಿದೆ. ಬಸ್ ಸ್ಟ್ಯಾಂಡಿಗೆ ಬಂದವರಿಗೆ ಕಾಣುವುದಿಲ್ಲ. ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತ ಅಕ್ಕ ತಾವೇ ಬೋರ್ಡು ಬರೆದರು: "ಬಿಸಿ ರೊಟ್ಟಿ ಊಟ, 70 ರೂಪಾಯಿ." ರಸ್ತೆ ಬದಿಗೆ ಕಟ್ಟಿದರು. ಆಫೀಸಿನವರಿಗೆ ಬುತ್ತಿ ಕಳಿಸಿದರು. ದಿನವೂ ಎಷ್ಟು ಜನ ಉಂಡರೆಂದು ಬರೆದಿಟ್ಟರು. ಸಂತೆಯ ದಿನ ಹೆಚ್ಚು, ರವಿವಾರ ಕಡಿಮೆ. ಅದನ್ನು ನೋಡಿ ರೊಟ್ಟಿ ಬಡಿದರು. ಅಡುಗೆ ಕೆಡುವುದು ನಿಂತಿತು.

ಈಗ ದಿನಕ್ಕೆ 25 ಊಟ ಹೋಗುತ್ತವೆ. ಅಕ್ಕನ ಕೈಯಲ್ಲಿ ಎಷ್ಟು ಉಳಿಯುತ್ತದೆ? ನೀವೇ ಲೆಕ್ಕ ಮಾಡಿರಿ.