ಫೋನುಳ್ಳ ಕೈಗಣಕ: ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ನಮ್ಮ ಡಿಪೋಗಳಲ್ಲಿ ತೂಕದ ಚೀಟಿಯನ್ನು ಕೈಯಲ್ಲಿ ಬರೆದುಕೊಡುವುದನ್ನು ನಿಲ್ಲಿಸಿ, ಫೋನ್ ಸೌಲಭ್ಯವುಳ್ಳ ಕೈಗಣಕಗಳನ್ನು ಬಳಸಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. ತೂಕ ಬರೆದ ಕೂಡಲೇ ಚೀಟಿ ಮುದ್ರಣವಾಗಿ, ಸದಸ್ಯರ ಫೋನಿಗೆ ಸಂದೇಶ ಹೋಗುವ ಏರ್ಪಾಡು ಒಳ್ಳೆಯದೇ. ಆದರೆ ಮಾರಾಟಗಾರರು ತಂದುಕೊಡುವ ಬಣ್ಣದ ಕಾಗದದಲ್ಲಿ ಯಂತ್ರ ಏನೆಲ್ಲ ಮಾಡಬಲ್ಲದು ಎಂದು ಇರುತ್ತದೆಯೇ ಹೊರತು, ನಮ್ಮ ಗುಮಾಸ್ತರ ಕೈಯಲ್ಲಿ, ಜಡಿಮಳೆಯ ದಿನ ಅದು ಏನು ಮಾಡುತ್ತದೆ ಎಂದು ಇರುವುದಿಲ್ಲ. ಒಂದು ಕುಟುಂಬದ ವರ್ಷದ ದುಡಿಮೆ ಆ ಚೀಟಿಯ ಅಂಕಿಯ ಮೇಲೆ ನಿಂತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಫೋನೂ ಗಣಕವೂ ಒಂದೇ ಡಬ್ಬಿಯಲ್ಲಿ ಸೇರಿದ್ದು ಇತ್ತೀಚೆಗಲ್ಲ. 1994ರಲ್ಲಿ ಅಮೆರಿಕದಲ್ಲಿ ಐಬಿಎಂ ಕಂಪೆನಿಯ ಸೈಮನ್ ಎಂಬ ಯಂತ್ರ ಮಾರಾಟಕ್ಕೆ ಬಂತು. ಮುಟ್ಟಿದರೆ ಕೆಲಸ ಮಾಡುವ ಪರದೆ, ವಿಳಾಸ ಪುಸ್ತಕ, ಫ್ಯಾಕ್ಸ್, ಎಲ್ಲವೂ ಅದರಲ್ಲಿದ್ದವು. ತೂಕ ಸುಮಾರು ಅರ್ಧ ಕಿಲೋ. ಬ್ಯಾಟರಿ ಬರುತ್ತಿದ್ದುದು ಒಂದು ಗಂಟೆಯ ಮಾತಿಗೆ ಮಾತ್ರ. ಸುಮಾರು 50,000 ಮಾರಾಟವಾಗಿ ಮರುವರ್ಷವೇ ಅಂಗಡಿಯಿಂದ ಮರೆಯಾಯಿತು. 1996ರಲ್ಲಿ ಬಂದ ನೋಕಿಯಾ ಕಮ್ಯೂನಿಕೇಟರ್ ಕೂಡ ಸುಮಾರು 400 ಗ್ರಾಂ ತೂಗುತ್ತಿತ್ತು.

ನಮಗೆ ಹೆಚ್ಚು ಪಾಠ ಕಲಿಸುವುದು ನಮ್ಮ ರಾಜ್ಯದಲ್ಲೇ ಹುಟ್ಟಿದ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಇವರೂ, ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಸೇರಿ 1999ರಲ್ಲಿ ಒಂದು ಟ್ರಸ್ಟ್ ರಚಿಸಿ, 2001ರ ಏಪ್ರಿಲ್‌ನಲ್ಲಿ ಇದನ್ನು ಜನರ ಮುಂದಿಟ್ಟರು. ಓದುಬರಹ ಬಾರದವರೂ ಬಳಸಬಲ್ಲ, ಅಂಗೈ ಅಗಲದ ಗಣಕ ಎಂಬುದು ಅವರ ಗುರಿ. ಚಿತ್ರ ಮುಟ್ಟಿದರೆ ಕೆಲಸ ನಡೆಯುತ್ತಿತ್ತು. ಬರೆದದ್ದನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರವೂ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಳ್ಳುವ ಶಕ್ತಿ ಇಲ್ಲವೆಂದು ತಿಳಿದೇ, ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ತಮ್ಮ ವಿವರವಿರುವ ಒಂದು ಸ್ಮಾರ್ಟ್ ಕಾರ್ಡ್ ಎಂಬ ಯೋಜನೆ ಹಾಕಿದ್ದರು. ಸಹಕಾರ ತತ್ತ್ವ ಬಲ್ಲವರಿಗೆ ಇದು ಮೆಚ್ಚುಗೆಯಾಗುವ ಯೋಚನೆ. 2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ವಾಲಿಸಿದರೆ ಪುಟ ತಿರುಗುವ ಸೌಲಭ್ಯ ಅದರಲ್ಲಿತ್ತು. ಆಪಲ್ ಕಂಪೆನಿಯ ಐಫೋನ್ ಬಂದದ್ದು ಅದಾದ ಮೂರು ವರ್ಷಕ್ಕೆ. ಕರ್ನಾಟಕ ಸರ್ಕಾರವೂ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿತು.

ಇಷ್ಟಿದ್ದೂ ಮೊದಲ ವರ್ಷಕ್ಕೆ 50,000 ಎಂದು ಎಣಿಸಿದ್ದ ಯಂತ್ರ, 2005ರ ಹೊತ್ತಿಗೆ ಹೋಗಿದ್ದು ಸುಮಾರು 4,000 ಮಾತ್ರ. ಅದರ ಬೆಲೆ 10,000 ರೂಪಾಯಿಯ ಆಸುಪಾಸಿನಿಂದ ಆರಂಭ. ಅದಕ್ಕೂ ಮೊದಲೇ, 2003ರಲ್ಲಿ, 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಫೋನು ಕೈಗೆ ಬರತೊಡಗಿತ್ತು. ಜನರಿಗೆ ಮೊದಲು ಬೇಕಾದದ್ದು ಮಾತು. ಗಣಕಕ್ಕೆ ಫೋನು ಸೇರಿಸುವ ದಾರಿ ದುಬಾರಿಯಾಯಿತು. ಅಗ್ಗದ ಫೋನೇ ಬೆಳೆದು ಗಣಕವಾಯಿತು. ಪಹಣಿಯ ಬೆಳೆ ಕಾಲಮ್ಮಿನ ವಿವರವನ್ನು 2020ರಿಂದ ರೈತರೇ ತಮ್ಮ ಮೊಬೈಲಿನಿಂದ ದಾಖಲಿಸುವಂತಾಗಿದೆ. ಆದರೂ ಸಿಂಪ್ಯೂಟರ್ ಕಟ್ಟಿದವರು ಕೇಳಿಕೊಂಡ ಪ್ರಶ್ನೆಗಳು (ಯಾರ ಕೈಗೆ? ಯಾವ ಭಾಷೆಯಲ್ಲಿ? ಎಷ್ಟು ಜನ ಹಂಚಿಕೊಳ್ಳುತ್ತಾರೆ?) ಇಂದಿನ ಮಾರಾಟಗಾರರ ಪಟ್ಟಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಆ ಪ್ರಶ್ನೆಗಳನ್ನೇ ಹಿಡಿದು, ಮಾದರಿಗೆಂದು ಬಂದ ಎರಡು ಯಂತ್ರಗಳೊಡನೆ ನಾವು ಕೆಲವರು ವಿಜಯಪುರದ ಕಡೆ ಹೋಗಿದ್ದೆವು. ಕಾಫಿ ಅಡಿಕೆಯವರಿಗೆ ಅಲ್ಲೇನು ಕೆಲಸ ಎಂದು ಕೇಳುವವರುಂಟು. ತಿಕೋಟ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರ ಕೆಲಸ ನಮ್ಮದರಂತೆಯೇ: ಬೆಳೆ ಒಣಗಿಸಬೇಕು, ತೂಗಬೇಕು, ಧಾರಣೆಗೆ ಕಾಯಬೇಕು. ನಮ್ಮಲ್ಲಿ ಮಳೆ ಕಾಡುವಂತೆ ಅಲ್ಲಿ ಬಿಸಿಲು, ಧೂಳು. ಎರಡೂ ಕಡೆ ತಾಳಿದ ಯಂತ್ರವನ್ನು ನಂಬಬಹುದು.

ತಿಕೋಟದ ಒಣದ್ರಾಕ್ಷಿ ಶೆಡ್ಡಿನ ಅಂಗಳದಲ್ಲಿ ನಡುಮಧ್ಯಾಹ್ನ ಯಂತ್ರ ತೆರೆದೆವು. ಬಿಸಿಲಿಗೆ ಇದು ಕನ್ನಡಿಯಾಗುತ್ತದೆ, ಮಾರಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ ಎಂದು ಅಲ್ಲಿನವರೊಬ್ಬರು ನಕ್ಕರು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿದ ಕೈಯಿಂದ ಮುಟ್ಟಿದಾಗ ಒಂದು ಯಂತ್ರ ಒತ್ತದ ಅಂಕಿಗಳನ್ನು ಬರೆಯಿತು. ಇಂದಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುವಂಥದು. ನೀರಹನಿಯನ್ನೂ ಬೆರಳೆಂದು ತಿಳಿಯುತ್ತದೆ. ಹಳೆಯ ಸಿಂಪ್ಯೂಟರಿನಂತೆ ಕಡ್ಡಿಯಿಂದ ಒತ್ತುವ ಪರದೆಗೆ ಈ ತೊಡಕಿಲ್ಲ. ಹಸಿ ಅಡಿಕೆ ತೂಗುವ ನಮಗೆ ಅಂಕಿಗಳಿಗಾದರೂ ನಿಜವಾದ ಗುಂಡಿಗಳಿರುವ ಯಂತ್ರವೇ ಲೇಸು. ಐಪಿ 67 ಎಂದು ಬರೆದಿದ್ದರೆ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು ಎಂದು ತಿಳಿಯಿರಿ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಆ ಸೀಮೆಯಲ್ಲಿ ಜೀಪಿನೊಳಗೆ ಬಿಟ್ಟ ಯಂತ್ರ ಇನ್ನೂ ಹೆಚ್ಚು ಕಾಯುತ್ತದೆ. 45 ಡಿಗ್ರಿ ಮೀರಿದಾಗ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹಾಕುವುದು ಅದರ ಆಯುಸ್ಸಿಗೆ ಕೇಡು.

ಬಬಲೇಶ್ವರದಲ್ಲಿ ಮಾಡಿದ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದದ್ದು, ಕಾಸಿನ ಖರ್ಚಿಲ್ಲದ್ದು. ಸಿಗ್ನಲ್ ಇದ್ದರೂ ಬೇಕೆಂದೇ ಅದನ್ನು ಆರಿಸಿ 20 ಚೀಟಿ ಬರೆದೆವು. ನಡುವೆ ಬ್ಯಾಟರಿ ಕಿತ್ತು ಮತ್ತೆ ಹಾಕಿದೆವು. ಸಿಗ್ನಲ್ ಕೊಟ್ಟ ಮೇಲೆ ಕಚೇರಿಯ ಲೆಕ್ಕಕ್ಕೆ 20 ಚೀಟಿಯೇ ಸೇರಬೇಕು. 19 ಆದರೆ ಸದಸ್ಯನಿಗೆ ನಷ್ಟ, 21 ಆದರೆ ಸಂಘಕ್ಕೆ. ಒಂದು ಯಂತ್ರ 20 ತೋರಿಸಿತು. ಇನ್ನೊಂದು, ಕಿತ್ತ ಹೊತ್ತಿನ ಚೀಟಿಯನ್ನು ಎರಡು ಸಲ ಕಳಿಸಿತ್ತು.

ಇನ್ನು ಲೆಕ್ಕದ ವಿಷಯ. 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಕೂಡಿಸಿ ನೋಡಿ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಬರಬೇಕಾದದ್ದು 4 ಎಕರೆ 10 ಗುಂಟೆ. ಯಂತ್ರ 3.50 ಎಂದರೆ ಅದನ್ನು ಸಿದ್ಧಪಡಿಸಿದವರು ಪಹಣಿ ನೋಡಿಲ್ಲ ಎಂದರ್ಥ. ಹಾಗೆಯೇ ಕಾಫಿಗೆ 50 ಕಿಲೋ ಮೂಟೆ, ಔಟ್‌ಟರ್ನ್, ತೇವಾಂಶ, ಅಡಿಕೆಗೆ ಕ್ವಿಂಟಾಲ್. ಇವುಗಳಿಗೆ ಪ್ರತ್ಯೇಕ ಜಾಗ ಬೇಕು. ಕನ್ನಡವಿದೆ ಎಂದು ಮಾರಾಟಗಾರರು ಹೇಳಿದರೆ ಒತ್ತಕ್ಷರವಿರುವ ಹೆಸರೊಂದನ್ನು ಬರೆಸಿ, ಚೀಟಿಯಲ್ಲಿ ಮುದ್ರಿಸಿ ನೋಡಿ. ಪರದೆಯಲ್ಲಿ ಸರಿಯಾಗಿದ್ದು ಕಾಗದದಲ್ಲಿ ಒಡೆಯುವುದುಂಟು. ಒಂದು ಮಾತು ನೆನಪಿರಲಿ: ಕೈಗಣಕ ಬರೆಯುತ್ತದೆ, ತೂಗುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷವರ್ಷವೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕೇ ಬೇಕು.

ವಿಜಯಪುರ ನಗರದಲ್ಲಿ ಫೋನ್ ದುರಸ್ತಿಯ ಸಣ್ಣ ಅಂಗಡಿಯೊಂದಕ್ಕೆ ಎರಡನ್ನೂ ಒಯ್ದೆವು. ಒಂದರ ಬ್ಯಾಟರಿ, ಚಾರ್ಜಿನ ತೂತು ಸಾಮಾನ್ಯ ಫೋನಿನದೇ. ಆ ಹುಡುಗ ನಿಂತ ನಿಲುವಿನಲ್ಲೇ ಬಿಚ್ಚಿ ತೋರಿಸಿದ. ಮತ್ತೊಂದಕ್ಕೆ ತನ್ನಲ್ಲಿ ಹತ್ಯಾರವೇ ಇಲ್ಲ, ಕಂಪೆನಿಗೇ ಕಳಿಸಬೇಕು ಎಂದ. ಅಡಿಕೆ ಸುಗ್ಗಿಯಲ್ಲಿ ಹದಿನೈದು ದಿನ ಯಂತ್ರವಿಲ್ಲದೆ ಡಿಪೋ ನಡೆಸುವುದು ಹೇಗೆ? ಇನ್ನೊಂದು ಅಂಶ: ಎಲ್ಲರ ಮೆಚ್ಚುಗೆ ಪಡೆದ ಸಿಂಪ್ಯೂಟರಿನ ತಯಾರಿಕೆಯೇ ನಿಂತುಹೋಗಿದೆ. ಯಾವ ಕಂಪೆನಿಯೂ ಶಾಶ್ವತವಲ್ಲ. ಸದಸ್ಯರ ಲೆಕ್ಕವನ್ನು ಸಾಮಾನ್ಯ ಕೋಷ್ಟಕದ ರೂಪದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ನಮ್ಮ ಕಚೇರಿಯ ಗಣಕಕ್ಕೆ ಇಳಿಸಿಕೊಳ್ಳುವಂತಿರಬೇಕು. ಇದನ್ನು ಕರಾರಿನಲ್ಲಿ ಬರೆಸಿಕೊಳ್ಳದೆ ಹಣ ಕೊಡತಕ್ಕದ್ದಲ್ಲ.

ಲೆಕ್ಕ ತಪ್ಪಿಲ್ಲದೆ 20 ಚೀಟಿ ಕಳಿಸಿದ ಯಂತ್ರವೇ ದುರಸ್ತಿಗೂ ಸುಲಭವಾದದ್ದು. ಬೆಲೆಯಲ್ಲಿ ಮಾತ್ರ ಸ್ವಲ್ಪ ಹೆಚ್ಚು. ಅದನ್ನು ಒಂದೇ ಡಿಪೋದಲ್ಲಿ, ಮುಂದಿನ ಸುಗ್ಗಿ ಪೂರ್ತಿ, ಕೈಬರಹದ ಚೀಟಿಯ ಜೊತೆಯಲ್ಲೇ ನಡೆಸಿ ನೋಡಬೇಕೆಂದು ಮಂಡಳಿಗೆ ಶಿಫಾರಸು ಮಾಡಿದ್ದೇವೆ. ಅಲ್ಲಿಗೆ ಮಾಲು ತರುವ ಸದಸ್ಯರು ಎರಡೂ ಚೀಟಿಗಳನ್ನು ಕೇಳಿ ಪಡೆದು ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಚೀಟಿಗಳ ಸಮೇತ ಕಚೇರಿಗೆ ತಿಳಿಸಬೇಕು.