ಕೊಕ್ಕೆತಾತಿಯ ಮುತ್ತು: ಮಾಡಬೇಕಾದ್ದು, ಮಾಡಬಾರದ್ದು

ಕೊಡಗಿನ ಮೂರ್ನಾಡು ಮತ್ತು ಸುತ್ತಲಿನ ಊರುಗಳಲ್ಲಿ ಕೊಕ್ಕೆತಾತಿ (ಅಂಚಿಗೆ ಮುತ್ತು ಕಟ್ಟಿದ ಅರ್ಧಚಂದ್ರಾಕಾರದ ಪದಕ) ಮತ್ತಿತರ ಮುತ್ತಿನ ಒಡವೆ ಇರುವ ಎಲ್ಲ ಮನೆಯವರ ಗಮನಕ್ಕೆ.

ಮುತ್ತು ಕಲ್ಲಲ್ಲ. ಚಿಪ್ಪಿನೊಳಗೆ ಪದರ ಪದರವಾಗಿ ಕಟ್ಟಿಕೊಂಡ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕರಗುತ್ತದೆ, ಉಜ್ಜಿದರೆ ಸವೆಯುತ್ತದೆ. ಹೋದ ಪದರ ಮತ್ತೆ ಬೆಳೆಯುವುದಿಲ್ಲ.

ಮಾಡಬೇಕಾದ್ದು

ಕೊಳ್ಳುವಾಗ

– ಅಂಗಡಿಯ ದೀಪದಡಿ ನೋಡಿದ್ದು ಸಾಲದು, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿಯಿರಿ.
– ಬಿಳಿ ಬಟ್ಟೆಯ ಮೇಲಿಟ್ಟು ನಿಧಾನವಾಗಿ ಹೊರಳಿಸಿ.
– ಮೊದಲು ಹೊಳಪು ನೋಡಿ. ಬೆಳಕಿನ ಬಿಂಬದ ಅಂಚು ಸ್ಪಷ್ಟವಾಗಿ ಕಂಡರೆ ಒಳ್ಳೆಯ ಮುತ್ತು. ಸುಣ್ಣ ಬಳಿದ ಗೋಡೆಯಂತೆ ಮಂಕಾಗಿದ್ದರೆ ಬಿಡಿ.
– ಆಮೇಲೆ ಮೈಯ ಕಲೆ, ಆಕಾರ, ಗಾತ್ರ, ಬಣ್ಣ ನೋಡಿ.
– ಎರಡು ಮುತ್ತುಗಳನ್ನು ಹಗುರವಾಗಿ ಒಂದಕ್ಕೊಂದು ತೀಡಿ. ಮುತ್ತಾದರೆ ತುಸು ತರಿತರಿಯಾಗಿ ತಾಗುತ್ತದೆ, ಗಾಜು ನುಣ್ಣಗೆ ಜಾರುತ್ತದೆ.
– ತೂತಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ನಕಲಿಯಾದರೆ ಅಲ್ಲಿ ಬಣ್ಣ ಸಿಪ್ಪೆಯೆದ್ದು ಒಳಗಿನ ಗಾಜು ಕಾಣುತ್ತದೆ.
– ಸರದ ಮುತ್ತುಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತೆರನಾಗಿದ್ದರೆ ಅನುಮಾನಪಡಿ.
– ಬಿಲ್ಲಿನಲ್ಲಿ ನೈಸರ್ಗಿಕವೋ, ಕಲ್ಚರ್ಡೋ (ಚಿಪ್ಪಿನಲ್ಲಿ ಮನುಷ್ಯರು ಬೆಳೆಸಿದ್ದು), ಇಮಿಟೇಶನ್ನೋ (ನಕಲಿ) ಬರೆಸಿ.
– ಚಿನ್ನದ ತೂಕವನ್ನೂ ಮುತ್ತು–ಕಲ್ಲಿನ ತೂಕವನ್ನೂ ಬೇರೆ ಬೇರೆ ಬರೆಸಿ.
– ನೈಸರ್ಗಿಕ ಎಂದು ಹೆಚ್ಚಿನ ಬೆಲೆ ಹೇಳಿದರೆ ಎಕ್ಸ್‌ರೇ ಮಾಡಿದ ಲ್ಯಾಬ್ ವರದಿ ಕೇಳಿ. ಕಣ್ಣಳತೆಯಲ್ಲಿ ಯಾರೂ ಅದನ್ನು ಖಚಿತವಾಗಿ ಹೇಳಲಾರರು. ಹೈದರಾಬಾದಿನ ಚಾರ್‌ಮಿನಾರ್ ಬಳಿ ಕೊಂಡರೂ ಇದೇ ಮಾತು. ಇಂದು ಅಲ್ಲಿ ಮಾರುವುದರಲ್ಲಿ ಬಹುಪಾಲು ಚೀನಾದಿಂದ ಬಂದ ಕಲ್ಚರ್ಡ್ ಮುತ್ತು.

ಹಳೆಯ ಒಡವೆ ಬದಲಾಯಿಸುವಾಗ

ಹೆಚ್ಚಿನ ನಷ್ಟ ಆಗುವುದು ಇಲ್ಲೇ, ಹಳೆಯ ಮುತ್ತಿನ ಬೆಲೆ ಗೊತ್ತಿಲ್ಲದೆ. ಜಪಾನಿನ ಮುತ್ತು ಬೆಳೆಗಾರ ಮಿಕಿಮೊಟೊ ಮೊದಲ ಅರೆಗುಂಡು ಮುತ್ತು ಬೆಳೆಸಿದ್ದು 1893ರಲ್ಲಿ. ದುಂಡು ಕಲ್ಚರ್ಡ್ ಮುತ್ತು ಪೇಟೆಗೆ ಹರಿದುಬಂದದ್ದು 1920ರ ದಶಕದಲ್ಲಿ. ಅದಕ್ಕಿಂತ ಹಿಂದೆ ಮಾಡಿಸಿದ ಕೊಕ್ಕೆತಾತಿಯ ಅಂಚಿನಲ್ಲಿರುವುದು, ನಡುವೆ ಯಾರೂ ಬದಲಿಸಿರದಿದ್ದರೆ, ನೈಸರ್ಗಿಕ ಮುತ್ತೇ ಆಗಿರುವ ಸಾಧ್ಯತೆ ಹೆಚ್ಚು. ಚಿನ್ನ ತೂಗುವವರು ಅದನ್ನು ಕಳಚಿ ಬದಿಗೆ ಸರಿಸುತ್ತಾರೆ, ಲೆಕ್ಕಕ್ಕೆ ಹಿಡಿಯುವುದಿಲ್ಲ.

– ಮನೆಯಲ್ಲೇ ಮುತ್ತು ಎಣಿಸಿ, ಫೋಟೊ ತೆಗೆದುಕೊಂಡು ಹೋಗಿ.
– ಮುತ್ತು ಕಳಚುವಾಗ ಎದುರಿಗೇ ಕುಳಿತಿರಿ.
– ಕಳಚಿದ್ದೆಲ್ಲವನ್ನೂ ಎಣಿಸಿ ವಾಪಸ್ ಪಡೆಯಿರಿ.
– ಮದುವೆಗೆಂದು ನೆಂಟರಿಗೆ ಒಡವೆ ಕೊಡುವಾಗಲೂ ಎಣಿಸಿಯೇ ಕೊಡಿ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ತೊಡುವಾಗ, ಇಡುವಾಗ

– ಪೌಡರ್, ಸೆಂಟ್, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ತೊಡಿ.
– ಮನೆಗೆ ಬಂದೊಡನೆ ಮೊದಲು ಅದನ್ನೇ ತೆಗೆಯಿರಿ.
– ಮೆತ್ತನೆಯ ಹತ್ತಿಬಟ್ಟೆಯನ್ನು ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಮುತ್ತಿನ ಸಾಲನ್ನಷ್ಟೇ ಒರೆಸಿ.
– ನೆರಳಲ್ಲಿ ಒಂದು ರಾತ್ರಿ ಆರಲು ಬಿಡಿ.
– ಬೇರೆಯದೇ ಬಟ್ಟೆಚೀಲದಲ್ಲಿಡಿ.
– ಮಳೆಗಾಲದ ತಿಂಗಳುಗಳಲ್ಲಿ ಹೊರತೆಗೆದು ಬೂಷ್ಟು ಹಿಡಿದಿದೆಯೇ ನೋಡಿ.
– ಮುತ್ತಿನ ಸರದ ದಾರ ಸಡಿಲವಾದರೆ ಹೊಸದಾಗಿ ಪೋಣಿಸಿ, ಮುತ್ತುಮುತ್ತಿನ ನಡುವೆ ಗಂಟು ಹಾಕಿಸಿ.

ಮಾಡಬಾರದ್ದು

– ಹಾಲ್‌ಮಾರ್ಕ್ ನೋಡಿ ಮುತ್ತನ್ನು ನಂಬುವುದು ಬೇಡ. ಅದರ ಜೊತೆಗಿರುವ ಆರು ಅಕ್ಷರ–ಅಂಕಿಗಳ ಗುರುತುಸಂಖ್ಯೆ ಎಚ್‌ಯುಐಡಿ ಚಿನ್ನದ ಶುದ್ಧತೆಗೆ ಮಾತ್ರ.
– ಬೆಂಕಿಗೆ ಹಿಡಿದು ಪರೀಕ್ಷೆ ಮಾಡಬಾರದು.
– ವಿನೆಗರಿನಲ್ಲಿ ಅದ್ದಿ ಪರೀಕ್ಷೆ ಮಾಡಬಾರದು. ಹಾಳಾಗುವುದು ಅಸಲಿ ಮುತ್ತೇ.
– ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಮುಟ್ಟಿದ ಕೈಯಲ್ಲಿ ಕೊಕ್ಕೆತಾತಿ ಮುಟ್ಟುವುದು ಬೇಡ. ಅದನ್ನು ಹಾಕುವ ಪಂದಿಕರಿಯ (ಹಂದಿಮಾಂಸದ ಸಾರಿನ) ಪಾತ್ರೆಯ ಬಳಿ ನಿಲ್ಲುವವರು ಮೊದಲು ಒಡವೆ ತೆಗೆದಿಡಲಿ.
– ಕಿತ್ತಳೆ ಸುಲಿದ ಕೈ, ನಿಂಬೆ ಹಿಂಡಿದ ಕೈ ಬೇಡ.
– ಮನೆಯಲ್ಲಿ ಮಾಡಿದ ವೈನ್ ಚೆಲ್ಲಿದರೆ ಹಾಗೆಯೇ ಬಿಡಬಾರದು.
– ಸೋಪಿನ ಪುಡಿ ಬೇಡ. ಅಂಟುವಾಳ ಬೇಡ. ಟೂತ್‌ಪೇಸ್ಟ್ ಬೇಡ. ಅಡುಗೆ ಸೋಡಾ ಬೇಡ. ಬ್ರಷ್ ಮುಟ್ಟಿಸಲೇಬಾರದು.
– ಒಡವೆಯನ್ನು ನೀರಿನಲ್ಲಿ ಮುಳುಗಿಸಬಾರದು. ಹಳೆಯ ಕೆಲಸದಲ್ಲಿ ಕೆಂಪುಕಲ್ಲಿನ ಹಿಂದೆ ಹೊಳಪಿಗಾಗಿ ತೆಳುವಾದ ತಗಡು ಇಟ್ಟಿರುತ್ತಾರೆ. ಸಂದಿಯಿಂದ ನೀರು ಇಳಿದರೆ ತಗಡು ಕಪ್ಪಾಗುತ್ತದೆ, ಕಲ್ಲು ಸತ್ತಂತೆ ಕಾಣುತ್ತದೆ.
– ಜೋಮಾಲೆಯನ್ನು (ಚಿನ್ನದ ಗುಂಡುಗಳ ಸರ) ಬಿಸಿನೀರಿಗೆ ಹಾಕಬಾರದು. ಟೊಳ್ಳು ಗುಂಡುಗಳ ಒಳಗೆ ತುಂಬಿರುವ ಅರಗು ಬಿಸಿಗೆ ಮೆತ್ತಗಾಗುತ್ತದೆ.
– ಅಲ್ಟ್ರಾಸೋನಿಕ್ ಯಂತ್ರಕ್ಕೆ, ಹಬೆಗೆ ಕೊಡಬಾರದು. ಅಂಗಡಿಯವರು ಉಚಿತ ಎಂದರೂ ಬೇಡ.
– ಒಲೆಯ ಬಳಿ, ಹೀಟರ್ ಮುಂದೆ, ಹೇರ್ ಡ್ರೈಯರ್‌ನಲ್ಲಿ ಒಣಗಿಸುವುದು ಬೇಡ.
– ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬಾರದು.
– ಬೂಷ್ಟಿನ ಭಯಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ತುಂಬುವುದು ಬೇಡ. ಅತಿಯಾಗಿ ಒಣಗಿದರೆ ಪದರ ಬಿರಿಯುತ್ತದೆ.
– ಪತ್ತಾಕ್ ಪದಕ, ಜೋಮಾಲೆ, ಬಳೆಗಳ ಜೊತೆ ಒಂದೇ ಡಬ್ಬಿಗೆ ಸುರಿಯಬಾರದು. ಚಿನ್ನದ ಅಂಚು ಮುತ್ತನ್ನು ಗೀರುತ್ತದೆ.
– ಲಾಕರಿನಲ್ಲಿಟ್ಟು ವರ್ಷಗಟ್ಟಲೆ ಮರೆಯುವುದು ಬೇಡ.
– ಸಡಿಲವಾದ ಮುತ್ತಿಗೆ ಮನೆಯಲ್ಲೇ ಫೆವಿಕ್ವಿಕ್ ಹಾಕಬಾರದು.
– ಉದುರಿದ ಮುತ್ತನ್ನು ಗುಡಿಸಿ ಎಸೆಯಬಾರದು. ಕಾಗದದಲ್ಲಿ ಸುತ್ತಿ ಅದೇ ಒಡವೆಯ ಚೀಲದಲ್ಲಿಟ್ಟು, ಮುಂದಿನ ಮದುವೆಗೆ ಕಾಯದೆ ಅಕ್ಕಸಾಲಿಗರ ಬಳಿ ಒಯ್ಯಿರಿ.