ಮನೆಯ ಕಾರ್ಯಾಗಾರಕ್ಕೆ ಯಾವ ಗರಗಸ?

ಕಡೂರಿನ ತೆಂಗಿನ ತೋಟವಿರಲಿ, ತರೀಕೆರೆಯ ಅಡಿಕೆ ಕಣವಿರಲಿ, ಅಜ್ಜಂಪುರದ ಈರುಳ್ಳಿ ಹೊಲವಿರಲಿ, ಮನೆಯಲ್ಲಿ ಕೊಯ್ಯಬೇಕಾಗಿ ಬರುವ ಕಬ್ಬಿಣ ಹೆಚ್ಚುಕಮ್ಮಿ ಒಂದೇ: ಜಿಐ ಪೈಪು, ಆಂಗಲ್ಲು, ಚೌಕ ಪೈಪು, ಪಟ್ಟಿ, ಸರಳು. ಇಷ್ಟಕ್ಕೇ ಗೇಟು ಮಾಡುವ ಅಂಗಡಿಯ ಮುಂದಿರುವಂಥ 14 ಇಂಚಿನ ಕಟಿಂಗ್ ಮಷಿನ್ ಬೇಕೆಂದು ಹೊರಡುವವರಿಗೆ ನಾನು ಹೇಳುವ ಮಾತುಗಳಿವು.

1. ಮೊದಲ ದುಡ್ಡು ವೈಸಿಗೆ ಹಾಕಿ. ಕಾಲಲ್ಲಿ ಮೆಟ್ಟಿ ಹಿಡಿದ ಪೈಪು ಅಲುಗುತ್ತದೆ, ಬ್ಲೇಡು ಮುರಿಯುತ್ತದೆ. ಗಟ್ಟಿ ಮೇಜಿಗೆ ಬೋಲ್ಟ್ ಮಾಡಿದ ನಾಲ್ಕಿಂಚಿನ ವೈಸು ಸಾಕು.

2. ಹ್ಯಾಕ್ಸಾ ಬ್ಲೇಡು ಕೊಳ್ಳುವಾಗ ಹಲ್ಲಿನ ಲೆಕ್ಕ ಹೇಳಿ ಕೇಳಿ. ಕೊಯ್ಯುವ ಲೋಹದ ದಪ್ಪದ ಮೇಲೆ ಯಾವಾಗಲೂ ಮೂರು ಹಲ್ಲಾದರೂ ಕೂತಿರಬೇಕು. ದಪ್ಪ ಸರಳಿಗೆ ಇಂಚಿಗೆ 18 ಹಲ್ಲು, ನೀರಿನ ಪೈಪಿಗೂ ಆಂಗಲ್ಲಿಗೂ 24, ತೆಳು ಚೌಕ ಪೈಪಿಗೂ ತಗಡಿಗೂ 32. ತೆಳು ಪೈಪಿಗೆ 18ರದ್ದು ಹಾಕಿದರೆ ಅಂಚು ಎರಡು ಹಲ್ಲಿನ ಸಂದಿಗೆ ಸಿಕ್ಕಿ, ಟಕ್ ಎಂದು ಒಂದು ಹಲ್ಲು ಉದುರುತ್ತದೆ. ಅದರ ಹಿಂದೆಯೇ ಪಕ್ಕದವೂ ಸಾಲಾಗಿ ಹೋಗುತ್ತವೆ. ಬೈಮೆಟಲ್ ಬ್ಲೇಡಿಗೆ ಬೆಲೆ ಜಾಸ್ತಿ. ಆದರೆ ಕೈ ತಿರುಚಿದರೂ ಬಾಗುತ್ತದೆಯೇ ಹೊರತು ಸುಲಭಕ್ಕೆ ಚೂರಾಗುವುದಿಲ್ಲ. ಹಲ್ಲಿನ ಮೂತಿ ಹಿಡಿಯ ಆಚೆಗಿರಲಿ. ನೂಕುವಾಗ ಒತ್ತಿ, ಎಳೆಯುವಾಗ ಹಗುರ ಬಿಡಿ. ನಿಮಿಷಕ್ಕೆ 40–50 ಸಲ ಸಾಕು. ಅವಸರಪಟ್ಟರೆ ಬ್ಲೇಡು ಕಾದು ಮೊಂಡಾಗುತ್ತದೆ.

3. ಗುಜರಿ ಕಬ್ಬಿಣವನ್ನು ಮೊದಲು ಅರದಿಂದ ಉಜ್ಜಿ ನೋಡಿ. ಅರ ಚೆನ್ನಾಗಿ ಕಚ್ಚಿದರೆ ಗರಗಸವೂ ಕಚ್ಚುತ್ತದೆ. ಜಾರಿದರೆ, ಒಲ್ಲದ ಮನಸ್ಸಿನಿಂದ ಕಚ್ಚಿದರೆ, ಅದು ಹದ ಹಾಕಿದ ಉಕ್ಕು. ಲಾರಿಯ ಸ್ಪ್ರಿಂಗ್ ಪಟ್ಟಿ ಇಂಥದ್ದು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುಗಿದು ನಿಧಾನ ಆರಿಸಿದರೆ ಮೆತ್ತಗಾಗುತ್ತದೆ. (ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಇಳಿಸಿದ ಸೀಮೆ ನಮ್ಮದು. ಉಕ್ಕಿನ ಜಾತಿ ಹೇಳಬಲ್ಲ ಕಮ್ಮಾರರು ಇನ್ನೂ ಇದ್ದಾರೆ, ಕೇಳಿ.)

4. ಎರಡನೆಯ ಖರ್ಚು ನಾಲ್ಕಿಂಚಿನ ಗ್ರೈಂಡರ್, ಒಂದು ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್. ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ವೀಲಿನ ಮೇಲೆ ಅಚ್ಚಾದ ಮಿತಿ ಅದಕ್ಕಿಂತ ಹೆಚ್ಚಿರಬೇಕು. ಇದಕ್ಕೇ ಮರದ ಬ್ಲೇಡು ಸಿಕ್ಕಿಸಿ ತೆಂಗಿನ ಮಟ್ಟೆ ಕೊಯ್ಯುವವರನ್ನು ಕಂಡಿದ್ದೇನೆ. ಹಲ್ಲು ಸಿಕ್ಕಿಕೊಂಡರೆ ಯಂತ್ರ ಮೈಮೇಲೆ ಹಾರುತ್ತದೆ. ಗಾರ್ಡ್ ಬಿಚ್ಚುವುದೂ ಅಷ್ಟೇ ಹುಚ್ಚುತನ.

5. 14 ಇಂಚಿನ ಮಷಿನ್ನಿಗೆ 2,000 ವಾಟ್ ಮೇಲೆಯೇ ಬೇಕು, ಶುರುವಾಗುವಾಗ ಇನ್ನೂ ಜಾಸ್ತಿ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ ಇಲ್ಲದೆ, ತೋಟದ ಮನೆಗೆ ಎಳೆದ ಸಣ್ಣ ವೈರಿನಲ್ಲಿ ಅದು ಮುಲುಗುತ್ತದೆ. ದಿನಾ ಗೇಟು ಮಾಡುವವರಿಗೆ ಅದು ಸರಿ.

6. ದುಡ್ಡು ಕೂಡಿದಾಗ ಸಣ್ಣ ಬ್ಯಾಂಡ್‌ಸಾ ಕೊಳ್ಳಿ. ನಿಧಾನ ನಿಜ. ಕೊಯ್ತ ನೇರ, ಗದ್ದಲ ಕಡಿಮೆ, ಕಿಡಿಯ ಕಾಟವಿಲ್ಲ.

7. ವೀಲಿನ ಕಿಡಿ ಹಾರುವ ಕಡೆ ಅಡಿಕೆ ಹಾಳೆ, ತೆಂಗಿನ ನಾರು, ರಾಗಿ ಹುಲ್ಲು ಇರಕೂಡದು. ನಾರಿಗೆ ಬಿದ್ದ ಕಿಡಿ ಒಳಗೇ ಕನಲಿ, ನೀವು ಊಟಕ್ಕೆ ಕೂತಾಗ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಜಿಐ ಪೈಪು ಕೊಯ್ದಾಗ ಸತುವಿನ ಹೊಗೆ ಏಳುತ್ತದೆ, ಬಯಲಲ್ಲೇ ಕೊಯ್ಯಿರಿ. ಕನ್ನಡಕ ಹಾಕದೆ ಮಾತ್ರ ಸ್ವಿಚ್ ಒತ್ತಬೇಡಿ.